ತಾಮ್ರದ ಕಾಸಿಗೆ ಯಾವ ಗಡಿ?

ಬೆಳಗಾವಿಯಲ್ಲಿ ನಾವು ಗಡಿ ಎಳೆಯದೆ ಬಿಟ್ಟ ವಸ್ತು ಬಹಳ ಉಳಿದಿಲ್ಲ. ಬಸ್ಸಿನ ಫಲಕ, ಅಂಗಡಿಯ ಹೆಸರು, ವೃತ್ತದ ಪ್ರತಿಮೆ, ಪಾಲಿಕೆಯ ಠರಾವು, ಮಗುವನ್ನು ಸೇರಿಸುವ ಶಾಲೆ, ಎಲ್ಲದಕ್ಕೂ ಎರಡು ಬಣಗಳಿವೆ. ಬದುಕಿರುವವರನ್ನು ಹಂಚಿಕೊಂಡದ್ದು ಸಾಲದೆಂಬಂತೆ ಎರಡು ಸಾವಿರ ವರ್ಷಗಳ ಹಿಂದೆ ಸತ್ತವರನ್ನೂ ಹಂಚಿಕೊಳ್ಳಲು ಹೊರಟಿದ್ದೇವೆ. ಶಾತವಾಹನರು ಯಾರವರು? ಕನ್ನಡಿಗರೋ, ಮರಾಠಿಗರೋ, ತೆಲುಗರೋ? ಭಾಷಣಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ಚಹಾದಂಗಡಿಯ ವಾದಗಳಲ್ಲಿ ಈ ಪ್ರಶ್ನೆ ಆಗಾಗ ತಲೆ ಎತ್ತುತ್ತದೆ. ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅವರಿಗೆ ಬೇಕಾದದ್ದು ಪುರಾವೆ ಮಾತ್ರ.

ಈ ಪ್ರಶ್ನೆಯೇ ತಪ್ಪು ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಆ ಅರಸರ ಕಾಲದಲ್ಲಿ ಬಜಾರದಲ್ಲಿ ಓಡಾಡಿದ ತಾಮ್ರ ಮತ್ತು ಸೀಸದ ಸಣ್ಣ ಕಾಸುಗಳೇ ಸಾಕು. ಅಂಥ ಕಾಸುಗಳು ಸಿಕ್ಕ ಊರೊಂದು ಬೆಳಗಾವಿ ಶಹರದ ಒಳಗೇ ಇದೆ.

ವಡಗಾವಿ ಎಂದರೆ ಇವತ್ತು ನಮಗೆ ನೆನಪಾಗುವುದು ಮಗ್ಗದ ಸದ್ದು. ಶಹಾಪುರ, ಖಾಸಬಾಗ, ವಡಗಾವಿಗಳ ಓಣಿಗಳಲ್ಲಿ ಸೀರೆ ನೇಯುವ ಕುಟುಂಬಗಳ ಬದುಕು ಆ ಸದ್ದಿನ ಜೊತೆಗೇ ನಡೆದಿದೆ. ಇದೇ ವಡಗಾವಿ-ಮಾಧವಪುರದ ನೆಲದಲ್ಲಿ 1970ರ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವ ವಿದ್ವಾಂಸ ಅ. ಸುಂದರ ಅವರ ನೇತೃತ್ವದಲ್ಲಿ ಉತ್ಖನನ ನಡೆಯಿತು. ಹೊರಗೆ ಬಂದದ್ದು ಶಾತವಾಹನರ ಕಾಲದ ಒಂದು ಪಟ್ಟಣ. ಇಟ್ಟಿಗೆಯ ಕಟ್ಟಡಗಳ ತಳಪಾಯ, ಮಡಕೆ, ಮಣಿ, ನಾಣ್ಯಗಳು ಸಿಕ್ಕವು. ವೈದಿಕ ಯಜ್ಞಗಳನ್ನು ಮಾಡಿದ ಬ್ರಾಹ್ಮಣನೊಬ್ಬನನ್ನು ನೆನೆಯುವ ಕಲ್ಕಂಬದ ಶಾಸನವೂ ಇದೇ ಊರಿನದು. ಆ ಶಾಸನದ ಲಿಪಿ ಬ್ರಾಹ್ಮಿ. ಭಾಷೆ ಸಂಸ್ಕೃತವಲ್ಲ, ಕನ್ನಡವಲ್ಲ, ಮರಾಠಿಯಂತೂ ಅಲ್ಲವೇ ಅಲ್ಲ, ಪ್ರಾಕೃತ.

ಬೆಳಗಾವಿ ಯಾರದು ಎಂದು ಜಗಳವಾಡುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ಸಂಗತಿ ಗೊತ್ತು? ವಡಗಾವಿಯ ಶಾಲೆಗಳಲ್ಲಿ, ಅದು ಕನ್ನಡ ಶಾಲೆಯಿರಲಿ, ಮರಾಠಿ ಶಾಲೆಯಿರಲಿ, ಉರ್ದು ಶಾಲೆಯಿರಲಿ, ಎಷ್ಟು ಮಕ್ಕಳಿಗೆ ತಾವು ಆಡುವ ಬಯಲಿನ ಕೆಳಗೆ ಒಂದು ಊರು ಮಲಗಿದೆ ಎಂದು ಹೇಳಿಕೊಡಲಾಗಿದೆ? ಅಪ್ಪನ ಆಸ್ತಿಗಾಗಿ ಕೋರ್ಟಿಗೆ ಹೋದ ಅಣ್ಣತಮ್ಮಂದಿರು ಹೊಲಕ್ಕೆ ಒಮ್ಮೆಯೂ ಕಾಲಿಡದಿದ್ದರೆ ಹೇಗೋ ಹಾಗಿದೆ ನಮ್ಮ ಸ್ಥಿತಿ.

ಮೊದಲು ಹಕ್ಕುದಾರರ ಮಾತನ್ನು ಕೇಳೋಣ. ಯಾರನ್ನೂ ಸುಳ್ಳುಗಾರರೆಂದು ತಳ್ಳಿಹಾಕುವಂತಿಲ್ಲ. ಮಹಾರಾಷ್ಟ್ರದವರು ಗೋದಾವರಿ ದಂಡೆಯ ಪೈಠಣವನ್ನು ತೋರಿಸುತ್ತಾರೆ. ಅದು ಶಾತವಾಹನರ ರಾಜಧಾನಿ ಪ್ರತಿಷ್ಠಾನ. ಜುನ್ನರದ ಬಳಿಯ ನಾಣೇಘಾಟಿನಲ್ಲಿ ರಾಣಿ ನಾಗನಿಕೆಯ ಶಾಸನವಿದೆ. ನಾಸಿಕದ ಗುಹೆಯಲ್ಲಿ ಗೌತಮೀಪುತ್ರ ಸಾತಕರ್ಣಿಯನ್ನು ಆತನ ತಾಯಿ ಬಾಲಶ್ರೀ ಹೊಗಳಿದ ಶಾಸನವಿದೆ. ತೆಲುಗರು ಪುರಾಣಗಳನ್ನು ತೆರೆಯುತ್ತಾರೆ. ಅಲ್ಲಿ ಈ ವಂಶದವರನ್ನು ಆಂಧ್ರರು ಎಂದೇ ಕರೆಯಲಾಗಿದೆ. ತೆಲಂಗಾಣದ ಕೋಟಿಲಿಂಗಾಲದಲ್ಲಿ ವಂಶದ ಮೂಲಪುರುಷ ಸಿಮುಕನ ಹೆಸರಿನ ನಾಣ್ಯಗಳೇ ಸಿಕ್ಕಿವೆ. ನಾವು ಕನ್ನಡಿಗರೂ ಬರಿಗೈಯಲ್ಲಿ ನಿಂತವರಲ್ಲ. ಬಳ್ಳಾರಿ ಸೀಮೆಯ ಮ್ಯಾಕದೋಣಿಯಲ್ಲಿರುವ ಪುಳುಮಾವಿಯ ಶಾಸನ ಆ ನಾಡನ್ನು ‘ಸಾತವಾಹನಿಹಾರ’ ಎನ್ನುತ್ತದೆ. ಹಿರೇಹಡಗಲಿಯ ಪಲ್ಲವ ತಾಮ್ರಪಟ ‘ಸಾತಾಹನಿರಟ್ಠ’ ಎನ್ನುತ್ತದೆ. ಇವುಗಳ ಆಧಾರದಿಂದ ಶಾತವಾಹನರ ಮೂಲ ನೆಲೆ ಬಳ್ಳಾರಿ ಎಂದು ವಾದಿಸಿದವರು ವಿ.ಎಸ್. ಸುಕ್ತಂಕರ್ ಎಂಬ ವಿದ್ವಾಂಸರು. ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಜೊತೆಗೆ ಶಾತವಾಹನ ಅರಸರ ಶಿಲ್ಪಗಳೂ ಹೆಸರಿನ ಸಮೇತ ಸಿಕ್ಕಿವೆ.

ಮೂವರ ಕೈಯಲ್ಲೂ ಪುರಾವೆ ಇದೆ ಎಂದ ಮೇಲೆ ಸುಳ್ಳು ಎಲ್ಲಿದೆ? ‘ನಮ್ಮವರೂ ಹೌದು’ ಎನ್ನುವಲ್ಲಿ ಸುಳ್ಳಿಲ್ಲ. ‘ನಮ್ಮವರು ಮಾತ್ರ’ ಎನ್ನುವಲ್ಲಿದೆ. ಆ ‘ಮಾತ್ರ’ ಎಂಬ ಪದವನ್ನು ಪ್ರತಿಯೊಬ್ಬರೂ ಇವತ್ತಿನ ಮನೆಯಿಂದ ಒಯ್ದು ಹಳೆಯ ಶಾಸನದ ಮೇಲೆ ಅಂಟಿಸುತ್ತಿದ್ದಾರೆ.

ಈಗ ಕಾಸಿನ ಕಡೆ ಬರೋಣ. ನಮ್ಮ ಪಠ್ಯಪುಸ್ತಕಗಳಿಗೆ ಬಂಗಾರದ ಮೇಲೆ ಬಲು ಮೋಹ. ಬಂಗಾರದ ನಾಣ್ಯ ಅಚ್ಚುಹಾಕಿಸಿದವನ ಕಾಲ ಸುವರ್ಣಯುಗ. ಆ ಲೆಕ್ಕದಲ್ಲಿ ಶಾತವಾಹನರು ಬಡವರು. ಅವರದ್ದೆಂದು ಖಚಿತವಾಗಿ ಹೇಳಬಹುದಾದ ಬಂಗಾರದ ನಾಣ್ಯ ಇದುವರೆಗೆ ಗೊತ್ತಿಲ್ಲ. ಬೆಳ್ಳಿಯ ನಾಣ್ಯಗಳೂ ಕಡಿಮೆ. ಹೆಚ್ಚಿನವು ತಾಮ್ರ, ಸೀಸ, ಮತ್ತೆ ತಾಮ್ರಕ್ಕೆ ಸೀಸ, ತವರಗಳನ್ನು ಬೆರೆಸಿದ ಪೋಟಿನ್ ಎಂಬ ಮಿಶ್ರಲೋಹದವು. ಕೆಲವು ದುಂಡಗೆ, ಕೆಲವು ಚೌಕ. ಒಂದು ಮುಖದಲ್ಲಿ ಸೊಂಡಿಲೆತ್ತಿದ ಆನೆ, ಇಲ್ಲವೆ ಕಮಾನಿನ ಮೇಲೆ ಕಮಾನಿಟ್ಟಂಥ ಬೆಟ್ಟ, ಕಟಕಟೆಯೊಳಗಿನ ಮರ. ಇನ್ನೊಂದು ಮುಖದಲ್ಲಿ ಶಿಲುಬೆಯಾಕಾರದ ಗೆರೆಗಳ ನಾಲ್ಕು ತುದಿಗೂ ಒಂದೊಂದು ಗುಂಡು ಇರುವ, ವಿದ್ವಾಂಸರು ಉಜ್ಜಯಿನಿ ಚಿಹ್ನೆ ಎಂದು ಕರೆಯುವ ಗುರುತು. ಸುತ್ತಲೂ ಬ್ರಾಹ್ಮಿ ಅಕ್ಷರಗಳಲ್ಲಿ ಅರಸನ ಹೆಸರು.

ಬಂಗಾರ ಅರಮನೆಯಲ್ಲಿ, ದೊಡ್ಡ ಸಾಹುಕಾರರ ಪೆಟ್ಟಿಗೆಯಲ್ಲಿ ಮಲಗುವ ಲೋಹ. ತಾಮ್ರ ಮತ್ತು ಸೀಸ ನಡೆಯುವ ಲೋಹಗಳು. ಉಪ್ಪು, ಎಣ್ಣೆ, ಕಾಳು ಕೊಳ್ಳುವವನಿಗೆ, ದಿನದ ಕೂಲಿ ಪಡೆಯುವವನಿಗೆ ಬೇಕಾದದ್ದು ಚಿಲ್ಲರೆ. ಒಂದು ರಾಜ್ಯ ಇಷ್ಟು ಚಿಲ್ಲರೆಯನ್ನು ಅಚ್ಚುಹಾಕಿತು ಎಂದರೆ ಅಲ್ಲಿ ಸಣ್ಣಪುಟ್ಟ ಕೊಡುಕೊಳ್ಳುವಿಕೆ ಜೋರಾಗಿ ನಡೆದಿತ್ತು ಎಂದೇ ಅರ್ಥ. ಅದು ರಾಜನ ಯಶಸ್ಸಿನ ಕಥೆಗಿಂತ ದೊಡ್ಡದು, ಬಜಾರದ ಕಥೆ.

ಈ ಚಿಲ್ಲರೆಯ ಉಪಕಾರ ಎಷ್ಟು ದೊಡ್ಡದು ನೋಡಿ. ಶಾತವಾಹನ ಅರಸರ ಪಟ್ಟಿ ಪುರಾಣಗಳಲ್ಲಿದೆ, ಆದರೆ ಒಂದು ಪುರಾಣದ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. 1939ರಲ್ಲಿ ವಿದರ್ಭದ ತರ್ಹಾಳಾ ಎಂಬ ಹಳ್ಳಿಯಲ್ಲಿ ಸಾವಿರದೈನೂರಕ್ಕೂ ಹೆಚ್ಚು ಪೋಟಿನ್ ನಾಣ್ಯಗಳು ಒಂದೇ ಕಡೆ ಸಿಕ್ಕವು. ಅವುಗಳ ಮೇಲೆ ಕುಂಭ ಸಾತಕರ್ಣಿ, ಕರ್ಣ ಸಾತಕರ್ಣಿ, ಶಕ ಸಾತಕರ್ಣಿ ಎಂಬ, ಪುರಾಣದ ಪಟ್ಟಿಯಲ್ಲಿ ಕಾಣದ ಹೆಸರುಗಳಿದ್ದವು. ಗ್ರಂಥಗಳು ಮರೆತ ಅರಸರನ್ನು ನೆನಪಿಟ್ಟದ್ದು ಯಾರೋ ಹೂತಿಟ್ಟ ಅಗ್ಗದ ಕಾಸುಗಳು.

ಆ ಕಾಸುಗಳ ಮೇಲಿನ ಭಾಷೆ ಯಾವುದು? ಮತ್ತೆ ಪ್ರಾಕೃತವೇ. ‘ರಞೋ’ ಎಂದರೆ ರಾಜನ, ‘ಪುತಸ’ ಎಂದರೆ ಪುತ್ರನ. ಮರಾಠಿಯ ಅಭಿಮಾನಿಗಳು ಇಲ್ಲಿ ಒಂದು ಹೆಜ್ಜೆ ಹಾರುತ್ತಾರೆ. ಪ್ರಾಕೃತ ಮರಾಠಿಯ ತಾಯಿ, ಆದ್ದರಿಂದ ಇವರು ಮರಾಠಿಗರು ಎನ್ನುತ್ತಾರೆ. ಹಾಗಾದರೆ ಅಶೋಕ ಕರ್ನಾಟಕದ ಮಸ್ಕಿಯಲ್ಲಿ, ಬ್ರಹ್ಮಗಿರಿಯಲ್ಲಿ ಪ್ರಾಕೃತದಲ್ಲೇ ಬರೆಸಿದನಲ್ಲ, ಆ ಊರಿನವರೆಲ್ಲ ಮಗಧದವರೇ? ಪ್ರಾಕೃತ ಆ ಕಾಲದ ಕಚೇರಿಯ ಭಾಷೆ. ಅದು ಜನರ ಮನೆಮಾತಿನ ಜನಗಣತಿಯಲ್ಲ. ಮುಂದೆ ಇದೇ ಜಿಲ್ಲೆಯ ಖಾನಾಪುರ ತಾಲೂಕಿನ ಹಲಸಿಯಲ್ಲಿ, ಅಂದಿನ ಪಲಾಸಿಕೆಯಲ್ಲಿ, ಕದಂಬ ಅರಸರು ಜೈನರಿಗೆ ದಾನ ಕೊಟ್ಟ ತಾಮ್ರಪಟಗಳು ಸಂಸ್ಕೃತದಲ್ಲಿವೆ. ಹಾಗೆಂದು ಹಲಸಿಯ ರೈತರು ಸಂಸ್ಕೃತದಲ್ಲಿ ಎತ್ತು ಹೊಡೆಯುತ್ತಿದ್ದರು ಎಂದು ಯಾರೂ ಹೇಳುವುದಿಲ್ಲ. ಆಳುವವರ ಬರಹದ ಭಾಷೆ ಒಂದು, ಆಳಿಸಿಕೊಂಡವರ ಬಾಯಿಯ ಭಾಷೆಗಳು ಹಲವು. ಇದು ಗಡಿನಾಡಿನವರಾದ ನಮಗೆ ಪುಸ್ತಕ ಓದಿ ತಿಳಿಯಬೇಕಾದ ವಿಷಯವೇ ಅಲ್ಲ.

ಕನ್ನಡದ ಅಭಿಮಾನಿಗಳು ಇಷ್ಟಕ್ಕೇ ಹಿಗ್ಗಬೇಕಾಗಿಲ್ಲ. ಮುಂದಿನ ಸಾಕ್ಷಿ ಅವರಿಗೂ ಪಾಠ ಹೇಳುತ್ತದೆ. ಶಾತವಾಹನರ ಬೆಳ್ಳಿಯ ನಾಣ್ಯಗಳಲ್ಲಿ ಒಂದು ವಿಶೇಷವಿದೆ. ಒಂದು ಮುಖದಲ್ಲಿ ಅರಸನ ಚಿತ್ರ, ಸುತ್ತ ಪ್ರಾಕೃತದ ಬರಹ. ಇನ್ನೊಂದು ಮುಖದಲ್ಲಿ ಅದೇ ಮಾತು ದ್ರಾವಿಡ ಭಾಷೆಯೊಂದರಲ್ಲಿ. ಪುಳುಮಾವಿಯ ನಾಣ್ಯದಲ್ಲಿ ‘ಅರಹಣಕು ವಾಹಿತ್ತಿ ಮಾಕಣಕು ತಿರು ಪುಳುಮಾವಿಕು’ ಎಂಬಂತೆ ಓದಲಾಗಿದೆ. ‘ಅರಹಣ’ದಲ್ಲಿ ನಮಗೆ ಅರಸ ಕೇಳಿಸುತ್ತಾನೆ, ‘ಮಾಕಣ’ದಲ್ಲಿ ಮಗ ಕೇಳಿಸುತ್ತಾನೆ. ಅದನ್ನು ತಮಿಳು ಎಂದು ವಾದಿಸಿದ ವಿದ್ವಾಂಸರಿದ್ದಾರೆ, ತೆಲುಗಿನ ಹಳೆಯ ರೂಪ ಎಂದವರಿದ್ದಾರೆ, ದಕ್ಷಿಣದ ಹಲವು ನುಡಿಗಳಿಗೆ ಸಮೀಪದ ಒಂದು ಆಡುಮಾತು ಎಂದವರೂ ಇದ್ದಾರೆ. ಇವತ್ತಿನ ಕನ್ನಡವೆಂದು ಅದನ್ನು ಎಳೆದುಕೊಳ್ಳುವುದು ಸುಲಭವಲ್ಲ. ಆದರೆ ಒಂದು ಸಂಗತಿಯಲ್ಲಿ ವಾದವಿಲ್ಲ. ಆ ಅರಸರು ತಮ್ಮ ನಾಣ್ಯದ ಎರಡು ಮುಖಗಳನ್ನು ಎರಡು ಭಾಷೆಗಳಿಗೆ ಕೊಟ್ಟರು. ಉತ್ತರದ ನುಡಿ ಒಂದು ಕಡೆ, ದಕ್ಷಿಣದ ನುಡಿ ಇನ್ನೊಂದು ಕಡೆ, ನಡುವೆ ಒಂದೇ ಬೆಳ್ಳಿ. ಇಂಥ ನಾಣ್ಯವನ್ನು ಹಿಡಿದುಕೊಂಡು ನಾವು ಏಕಭಾಷೆಯ ಹಕ್ಕು ಸಾಧಿಸಲು ಹೊರಟರೆ ಅದಕ್ಕಿಂತ ದೊಡ್ಡ ತಮಾಷೆ ಬೇರೆ ಏನಿದೆ?

ಇನ್ನೊಂದು ಮಾತು. ಈ ಅರಸರು ತಮ್ಮನ್ನು ಗುರುತಿಸಿಕೊಂಡದ್ದು ತಾಯಿಯ ಹೆಸರಿನಿಂದ. ಗೌತಮಿಯ ಮಗ, ವಾಸಿಷ್ಠಿಯ ಮಗ. ನಮ್ಮ ಪಕ್ಕದ ಕೊಲ್ಹಾಪುರದ ಸುತ್ತ ಸಿಕ್ಕ ಕುರ ವಂಶದ ನಾಣ್ಯಗಳಲ್ಲೂ ಹಾಗೆಯೇ: ವಾಸಿಷ್ಠೀಪುತ್ರ ವಿಳಿವಾಯಕುರ, ಮಾಠರೀಪುತ್ರ ಶಿವಲಕುರ, ಗೌತಮೀಪುತ್ರ ವಿಳಿವಾಯಕುರ. ಅವರ ನಾಣ್ಯದ ಗುರುತು ಹೆದೆಯೇರಿಸಿದ ಬಿಲ್ಲು ಮತ್ತು ಬಾಣ. ಕಾಸಿನ ಮೇಲೆ ತಾಯಿಯ ಹೆಸರಿದೆ, ತಾಯ್ನುಡಿಯ ಹೆಸರಿಲ್ಲ. ಅವರಿಗೆ ಬೇಕಿರಲಿಲ್ಲ. ಬೇಕಾಗಿರುವುದು ನಮಗೆ.

ಶುದ್ಧ ರಕ್ತ, ಶುದ್ಧ ಕುಲ ಎನ್ನುವವರಿಗೂ ಈ ನಾಣ್ಯಗಳಲ್ಲಿ ಉತ್ತರವಿದೆ. ನಾಸಿಕದ ಶಾಸನ ಗೌತಮೀಪುತ್ರನನ್ನು ಶಕ, ಯವನ, ಪಹ್ಲವರನ್ನು ನಾಶ ಮಾಡಿದವನು ಎಂದು ಹೊಗಳುತ್ತದೆ, ವರ್ಣಸಂಕರವನ್ನು ತಡೆದವನು ಎನ್ನುತ್ತದೆ. ಕೇಳಲು ಇವತ್ತಿನ ಚುನಾವಣಾ ಭಾಷಣದಂತಿದೆ. ಆದರೆ 1906ರಲ್ಲಿ ನಾಸಿಕದ ಹತ್ತಿರದ ಜೋಗಲ್‌ಟೆಂಭಿಯಲ್ಲಿ ಸಿಕ್ಕ ಬೆಳ್ಳಿಯ ರಾಶಿ ಬೇರೆ ಕಥೆ ಹೇಳುತ್ತದೆ. ಸುಮಾರು 13,250 ನಾಣ್ಯಗಳು, ಎಲ್ಲವೂ ಆತ ಸೋಲಿಸಿದ ಕ್ಷಹರಾತ ದೊರೆ ನಹಪಾನನವು. ಅವುಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳ ಮೇಲೆ ಗೌತಮೀಪುತ್ರ ತನ್ನ ಬೆಟ್ಟದ ಗುರುತನ್ನೂ ಉಜ್ಜಯಿನಿ ಚಿಹ್ನೆಯನ್ನೂ ಒತ್ತಿಸಿದ್ದಾನೆ. ಕರಗಿಸಲಿಲ್ಲ, ಎಸೆಯಲಿಲ್ಲ. ಹೊಸ ಅಚ್ಚಿನ ಅಡಿಯಲ್ಲಿ ಶತ್ರುವಿನ ಮುಖ ಇನ್ನೂ ಕಾಣಿಸುತ್ತದೆ. ಮುಂದೆ ಅದೇ ಶಕರ ಮಹಾಕ್ಷತ್ರಪ ರುದ್ರದಾಮನ ಮಗಳು ಶಾತವಾಹನರ ಮನೆಗೆ ಸೊಸೆಯಾಗಿ ಬಂದಳೆಂದು ಕನ್ಹೇರಿಯ ಶಾಸನದಿಂದ ತಿಳಿಯುತ್ತದೆ. ಪ್ರಶಸ್ತಿ ಬರೆಯುವವರು ನಾಶ ಎಂದರು. ಬಜಾರ ಮತ್ತು ಮನೆ ಬೆರೆಕೆ ಎಂದವು. ಕನ್ನಡಿಗರೂ ಮರಾಠಿಗರೂ ಒಂದೇ ಸಮ ಬಳಸುವ ಪಂಚಾಂಗದ ‘ಶಾಲಿವಾಹನ ಶಕೆ’ಯನ್ನು ನೋಡಿ. ಗೆದ್ದವರ ಹೆಸರೂ ಸೋತವರ ಹೆಸರೂ ಅಲ್ಲಿ ಪಕ್ಕಪಕ್ಕದಲ್ಲೇ ಕೂತಿವೆ.

ಇಲ್ಲಿ ಕೆಲವರು ಆಕ್ಷೇಪ ಎತ್ತಬಹುದು. ‘ನೀವು ಹೀಗೆ ಬರೆದರೆ ಬೆಳಗಾವಿಯ ಮೇಲಿನ ಕನ್ನಡದ ಹಕ್ಕು ಸಡಿಲವಾಗುವುದಿಲ್ಲವೇ?’ ಇಲ್ಲ. ಬೆಳಗಾವಿ 1956ರ ರಾಜ್ಯ ಪುನರ್ವಿಂಗಡಣೆಯಿಂದ ಈ ರಾಜ್ಯದಲ್ಲಿದೆ. 1967ರ ಮಹಾಜನ ಆಯೋಗದ ವರದಿ ಅದು ಇಲ್ಲೇ ಇರಬೇಕೆಂದಿತು. 2004ರಲ್ಲಿ ಮಹಾರಾಷ್ಟ್ರ ಈ ವ್ಯಾಜ್ಯವನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಅಲ್ಲಿ ವಾದಿಸಬೇಕಾದದ್ದು ಸಂವಿಧಾನ, ಕಾನೂನು, ಜನರ ಬದುಕು. ಪುಳುಮಾವಿಯನ್ನು ಸಾಕ್ಷಿ ಕಟ್ಟೆಗೆ ಕರೆಯುವ ಅಗತ್ಯ ಯಾರಿಗೂ ಇಲ್ಲ. ಇತಿಹಾಸವೆಂದರೆ ಹೊಲದ ಉತಾರವಲ್ಲ, ಹಳೆಯ ಹೆಸರು ತೋರಿಸಿ ಖಾತೆ ಬದಲಾಯಿಸಿಕೊಳ್ಳುವುದಕ್ಕೆ. ಎರಡು ಸಾವಿರ ವರ್ಷ ಹಿಂದಿನ ಅರಸನನ್ನು ತೋರಿಸಿ ನೆಲ ಕೇಳುವ ಪದ್ಧತಿ ಒಮ್ಮೆ ಶುರುವಾದರೆ, ಅದೇ ಅರಸನನ್ನು ತೋರಿಸಿ ಪೈಠಣದವರು ಬಳ್ಳಾರಿ ಕೇಳಬಹುದು, ನಾವು ಪೈಠಣ ಕೇಳಬಹುದು, ತೆಲುಗರು ಎರಡನ್ನೂ ಕೇಳಬಹುದು. ಕನ್ನಡ ಗಟ್ಟಿಯಾಗಬೇಕಾದದ್ದು ಇವತ್ತಿನ ಶಾಲೆಯಲ್ಲಿ, ಕಚೇರಿಯಲ್ಲಿ, ಕಾರ್ಖಾನೆಯಲ್ಲಿ. ಗೋರಿಯ ಬಲದಿಂದ ಯಾವ ಭಾಷೆಯೂ ಬದುಕಿದ್ದಿಲ್ಲ.

ನನ್ನಂಥವನಿಗೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ. ಅದನ್ನು ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಕೆಲವರು ಕಣ್ಣಿನಿಂದ ಕೇಳುತ್ತಾರೆ: ‘ನೀವು ಮುಸಲ್ಮಾನರು, ಶಾತವಾಹನರ ಉಸಾಬರಿ ನಿಮಗೇಕೆ?’ ನಮ್ಮ ಸಮಾಜದೊಳಗೂ ಇದೇ ಪ್ರಶ್ನೆಯನ್ನು ತಿರುವಿ ಕೇಳುವವರಿದ್ದಾರೆ: ‘ಆ ಕಾಲಕ್ಕೂ ನಮಗೂ ಏನು ಸಂಬಂಧ?’ ಇಬ್ಬರಿಗೂ ಉತ್ತರ ಒಂದೇ. ಕಾಸು ಅದನ್ನು ಅಚ್ಚುಹಾಕಿಸಿದವನ ಮಕ್ಕಳ ಸ್ವತ್ತಲ್ಲ. ಅದು ಓಡಾಡಿದ ನೆಲದ ಮೇಲೆ ಬದುಕುವವರೆಲ್ಲರ ಸ್ವತ್ತು. ಉರ್ದು ಶಾಲೆಯಲ್ಲಿ ಅಲಿಫ್ ಕಲಿತು, ಕನ್ನಡ ಶಾಲೆಯಲ್ಲಿ ಅಕಾರ ಕಲಿತ ನನಗೆ ಈ ನೆಲದ ಕೆಳಗಿನ ಬ್ರಾಹ್ಮಿಯೂ ಪರಕೀಯವಲ್ಲ.

ಕರ್ನಾಟಕದ ತಾಮ್ರವನ್ನೇ ಕೇಳಿ ನೋಡಿ. ಶಾತವಾಹನರ ಕಾಸಿನ ಮೇಲೆ ಆನೆ ಇತ್ತು. ಅವರು ಹೋಗಿ ಒಂದೂವರೆ ಸಾವಿರ ವರ್ಷಗಳ ಮೇಲೆ ಟಿಪ್ಪು ಸುಲ್ತಾನನ ತಾಮ್ರದ ಪೈಸೆಗಳ ಮೇಲೂ ಆನೆಯೇ ನಡೆದುಬಂತು. ಅದರ ಇನ್ನೊಂದು ಮುಖದಲ್ಲಿ ಟಂಕಸಾಲೆಯ ಹೆಸರು ಪಾರಸಿಯಲ್ಲಿದೆ. ಆತನ ತಂದೆ ಹೈದರಲಿ ಬಂಗಾರದ ವರಹದ ಮೇಲೆ ಇಕ್ಕೇರಿಯ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಟಿಪ್ಪುವಿನ ನಂತರ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲೂ ಆನೆ ಮುಂದುವರಿಯಿತು. ಮುಂದೆ ಅವುಗಳ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂಬ ಬರಹ, ಇಂಗ್ಲಿಷಿನಲ್ಲಿ ಬೆಲೆ, ಪಾರಸಿಯಲ್ಲಿ ಮೈಸೂರಿನ ಹೆಸರು ಒಟ್ಟಿಗೆ ಬಂದವು. ಒಂದು ಕಾಸಿಗೆ ಮೂರು ಲಿಪಿ. ಆ ಕಾಸು ಹಿಡಿದವರಲ್ಲಿ ಯಾರೂ ಅದನ್ನು ಅಪವಿತ್ರವೆಂದು ಎಸೆದಿರಲಾರರು. ಏಕೆಂದರೆ ಅದಕ್ಕೆ ಎಣ್ಣೆ ಬರುತ್ತಿತ್ತು, ಉಪ್ಪು ಬರುತ್ತಿತ್ತು.

ದುಡ್ಡಿನ ಮಾತುಗಳೂ ಹಾಗೆಯೇ. ವಡಗಾವಿಯ ಯಾವುದೇ ನೇಕಾರನ ಲೆಕ್ಕದ ಪುಸ್ತಕ ತೆರೆಯಿರಿ. ‘ಹಣ’ ಹಳೆಯ ‘ಪಣ’ದಿಂದ ಬಂದದ್ದು. ‘ನಗದು’, ‘ಬಾಕಿ’, ‘ಜಮಾ’, ‘ವಸೂಲಿ’ ಅರಬಿಯಿಂದ ಬಂದವು. ‘ಪಗಾರ’ ಪೋರ್ಚುಗೀಸರಿಂದ ಬಂತು. ಇವನ್ನೆಲ್ಲ ಹೆಕ್ಕಿ ಹೊರಗೆ ಹಾಕಿದರೆ ಯಾರ ಲೆಕ್ಕವೂ ಕೂಡುವುದಿಲ್ಲ.

ನೇಕಾರರ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳಲೇಬೇಕು. ನಹಪಾನನ ಅಳಿಯ ಉಷವದಾತ ನಾಸಿಕದ ಗುಹೆಯ ಶಾಸನದಲ್ಲಿ ಒಂದು ಠೇವಣಿಯ ವಿವರ ಕೊಟ್ಟಿದ್ದಾನೆ. ಒಟ್ಟು 3,000 ಕಹಾಪಣ. ಇಟ್ಟದ್ದು ಗೋವರ್ಧನದ ನೇಕಾರರ ಸಂಘಗಳಲ್ಲಿ. 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ, ಉಳಿದ 1,000ಕ್ಕೆ ನೂರಕ್ಕೆ ಮುಕ್ಕಾಲು. ಮೊದಲಿನ ಮೊತ್ತದ ವರ್ಷದ ಬಡ್ಡಿ 240. ಅದರಿಂದ 20 ಭಿಕ್ಷುಗಳಿಗೆ ತಲಾ 12ರಂತೆ ಬಟ್ಟೆಯ ಖರ್ಚು. ಅಸಲು ಎಂದೂ ಹಿಂದೆ ಪಡೆಯತಕ್ಕದ್ದಲ್ಲ. ರಾಜಮನೆತನದವನು ತನ್ನ ದಾನವನ್ನು ನಂಬಿ ಒಪ್ಪಿಸಿದ್ದು ನೇಕಾರರ ಕೈಗೆ! ಆಗ ನೇಕಾರನ ಸಂಘವೇ ಬ್ಯಾಂಕು. ಇವತ್ತು ಅದೇ ಕಸುಬಿನವನು ನೂಲಿನ ಬೆಲೆ, ವಿದ್ಯುತ್ತಿನ ಬಿಲ್ಲು, ಸಾಲದ ಕಂತುಗಳ ನಡುವೆ ಬ್ಯಾಂಕಿನ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಶಾತವಾಹನರ ಕಾಲದಿಂದ ಹೆಮ್ಮೆ ತೆಗೆದುಕೊಳ್ಳಲೇಬೇಕು ಎಂದಿದ್ದರೆ ತೆಗೆದುಕೊಳ್ಳಬೇಕಾದ ಹೆಮ್ಮೆ ಇದು. ಯಾವ ಬಣವೂ ಇದರ ಬಗ್ಗೆ ಮೆರವಣಿಗೆ ತೆಗೆದದ್ದನ್ನು ನಾನು ಕಂಡಿಲ್ಲ.

ನಾವು ಅರಸನ ಜಾತಿ ಭಾಷೆಗಳಿಗಾಗಿ ಬಡಿದಾಡುತ್ತಿರುವಾಗ ನೆಲದೊಳಗಿನ ಕಾಸಿಗೆ ಆಗುತ್ತಿರುವುದೇನು? ಊರು ಬೆಳೆದಂತೆ ಹಳೆಯ ನೆಲೆಗಳ ಮೇಲೆ ಮನೆಗಳೇಳುತ್ತವೆ. ಪಾಯ ತೋಡುವಾಗ ಬಂಗಾರ ಸಿಕ್ಕರೆ ಸುದ್ದಿ, ಪೊಲೀಸು, ಪಂಚನಾಮೆ. ತಾಮ್ರದ ನಾಲ್ಕು ಬಿಲ್ಲೆ ಸಿಕ್ಕರೆ ಅದು ಹುಡುಗರ ಆಟಕ್ಕೆ, ಇಲ್ಲವೆ ಗುಜರಿಯವನ ತಕ್ಕಡಿಗೆ. ಯಾರಾದರೂ ಮನೆಗೆ ಒಯ್ದರೆ ಹುಣಸೆಹಣ್ಣು, ನಿಂಬೆಹುಳಿ ಹಾಕಿ ತಂಬಿಗೆ ಬೆಳಗಿದಂತೆ ತಿಕ್ಕುತ್ತಾರೆ. ಹುಳಿ ಕಿಲುಬನ್ನಷ್ಟೇ ತಿನ್ನುವುದಿಲ್ಲ, ಅದರ ಜೊತೆಗೆ ಎರಡು ಸಾವಿರ ವರ್ಷ ಉಳಿದು ಬಂದ ಅಕ್ಷರವನ್ನೂ ತಿನ್ನುತ್ತದೆ. ಇನ್ನು ಹಣ ಕೊಟ್ಟು ಕೊಳ್ಳುವ ಹವ್ಯಾಸಿಯ ಕೈ ಸೇರಿದರೂ ಅರ್ಧ ನಷ್ಟವೇ. ಎಲ್ಲಿ ಸಿಕ್ಕಿತು, ಯಾವ ಮಣ್ಣಿನ ಪದರದಲ್ಲಿ, ಯಾವ ಮಡಕೆಯ ಪಕ್ಕದಲ್ಲಿ ಎಂಬುದು ತಿಳಿಯದ ನಾಣ್ಯ ವಿಳಾಸ ಹರಿದುಹೋದ ಕಾಗದದಂತೆ.

ಕಾನೂನಿನ ಮನಸ್ಸೂ ಬಹುಕಾಲ ತಕ್ಕಡಿಯದೇ ಆಗಿತ್ತು. ಬ್ರಿಟಿಷರು 1878ರಲ್ಲಿ ಮಾಡಿದ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರನಿಗೆ ತಿಳಿಸಬೇಕು. ಸರಕಾರ ಅದನ್ನು ಇಟ್ಟುಕೊಳ್ಳಬೇಕೆಂದರೆ ಆ ವಸ್ತುವಿನ ಲೋಹದ ಬೆಲೆಗೆ ಐದನೆಯ ಒಂದು ಭಾಗ ಸೇರಿಸಿ ಕೊಟ್ಟರೆ ಆಯಿತು. ಬಂಗಾರ ಸಿಕ್ಕವನಿಗೆ ಇದು ದೊಡ್ಡ ಮೊತ್ತ. ತಾಮ್ರ ಸಿಕ್ಕವನಿಗೆ ಕಚೇರಿಗೆ ಹೋಗಿಬರುವ ಬಸ್ಸಿನ ಖರ್ಚೂ ಹುಟ್ಟುವುದಿಲ್ಲ. ಕರ್ನಾಟಕ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿತು. 1972ರ ಕೇಂದ್ರದ ಕಾಯ್ದೆ ನೂರು ವರ್ಷಕ್ಕಿಂತ ಹಳೆಯ ನಾಣ್ಯವನ್ನು ಪುರಾವಸ್ತುವೆಂದು ಕರೆದು ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವುದನ್ನು ನಿಷೇಧಿಸಿತು. ಆದರೆ ನಿಧಿ ಎಂದರೆ ಬಂಗಾರ ಎಂಬ ಜನರ ಎಣಿಕೆಯನ್ನು ಯಾವ ಕಾಯ್ದೆಯೂ ಬದಲಿಸಿಲ್ಲ. ಬೆಳಗಾವಿಯಲ್ಲಿ ಬೋಗಾರವೇಸ್ ಎಂಬ ಜಾಗವಿದೆ. ಬೋಗಾರರೆಂದರೆ ತಾಮ್ರ, ಕಂಚು, ಹಿತ್ತಾಳೆಯ ಕಸುಬಿನವರು. ತಾಮ್ರದ ಕೆಲಸದವರಿಗೆ ಒಂದು ವೇಸನ್ನೇ ಕೊಟ್ಟ ಊರು ತನ್ನ ಹಳೆಯ ತಾಮ್ರದ ಕಾಸಿಗೆ ಒಂದು ಕೋಣೆ ಕೊಡಲಾರದೇ?

ನಾನು ಕೇಳುವುದು ಇಷ್ಟು. ವಡಗಾವಿಯಲ್ಲೇ, ಸಿಕ್ಕ ನೆಲದ ಹತ್ತಿರವೇ, ಒಂದು ಸಣ್ಣ ವಸ್ತು ಸಂಗ್ರಹಾಲಯ ಬೇಕು. ಮೂಲ ನಾಣ್ಯಗಳನ್ನು ಇಡಲಾಗದಿದ್ದರೆ ಪಡಿಯಚ್ಚುಗಳಾದರೂ ಇರಲಿ. ಪ್ರತಿಯೊಂದರ ಕೆಳಗೆ ಕನ್ನಡದಲ್ಲಿ, ಮರಾಠಿಯಲ್ಲಿ, ಉರ್ದುವಿನಲ್ಲಿ ನಾಲ್ಕು ಸಾಲಿನ ವಿವರ ಇರಲಿ. ಉತ್ಖನನದ ಸಂಗತಿಗಳು ಇಂಗ್ಲಿಷ್ ವರದಿಗಳಲ್ಲೇ ಉಳಿಯದೆ ಹೈಸ್ಕೂಲಿನ ಮಕ್ಕಳು ಓದಬಹುದಾದ ಕನ್ನಡದ ಕಿರುಪುಸ್ತಕವಾಗಿ ಬರಲಿ. ಆ ಪ್ರದೇಶದಲ್ಲಿ ಮನೆ ಕಟ್ಟಲು ಪರವಾನಗಿ ಕೊಡುವಾಗ, ಪಾಯದಲ್ಲಿ ಹಳೆಯ ವಸ್ತು ಸಿಕ್ಕರೆ ಯಾರಿಗೆ ತಿಳಿಸಬೇಕು, ಏನು ಮಾಡಬಾರದು ಎಂಬುದನ್ನು ಒಂದು ಹಾಳೆಯಲ್ಲಿ ಅಚ್ಚುಹಾಕಿ ಕೊಡಲಿ. ತಿಳಿಸಿದವನ ಕೆಲಸ ನಿಲ್ಲಿಸಿ ಸತಾಯಿಸಬಾರದು. ತಾಮ್ರ ತಂದುಕೊಟ್ಟವನಿಗೆ ತೂಕದ ಬೆಲೆ ಕೊಡದೆ ತಿಳಿವಳಿಕೆಯ ಬೆಲೆ ಕೊಡಬೇಕು, ಸಂಗ್ರಹಾಲಯದ ಗೋಡೆಯ ಮೇಲೆ ಅವನ ಹೆಸರನ್ನೂ ಬರೆಯಬೇಕು.

ಇದಕ್ಕೆ ತಗಲುವ ಖರ್ಚು ದೊಡ್ಡದಲ್ಲ. 2012ರಲ್ಲಿ ಇದೇ ಊರಿನಲ್ಲಿ ಸುವರ್ಣ ವಿಧಾನಸೌಧ ಎದ್ದು ನಿಂತಿತು. ಸುವರ್ಣಕ್ಕೆ ಸೌಧ ಕಟ್ಟಿದವರು ತಾಮ್ರಕ್ಕೆ ಒಂದು ಕೋಣೆ ಕಟ್ಟಲಿ. ಕನ್ನಡ ಸಂಘಟನೆಗಳೂ ಮರಾಠಿ ಸಂಘಟನೆಗಳೂ ಅದಕ್ಕಾಗಿ ಒಟ್ಟಿಗೆ ಒಂದು ಅರ್ಜಿ ಕೊಡಲಿ. ಅರ್ಜಿಯ ಭಾಷೆ ಯಾವುದಿರಬೇಕು ಎಂದು ಜಗಳ ಬಂದರೆ ಜೇಬಿನಿಂದ ಒಂದು ನೋಟು ತೆಗೆದು ನೋಡಿಕೊಳ್ಳಲಿ. ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲವೂ ಅಚ್ಚಾಗಿವೆ. ಎಲ್ಲದರಲ್ಲೂ ಬರೆದಿರುವ ಮೊತ್ತ ಒಂದೇ.